ಮೇಯರ್ ಚುನಾವಣೆಯ ಎರಡನೇ ಸುತ್ತು

ಹೊರಗೆ ಹಿಮ ಬೀಳುತ್ತಿತ್ತು ಎಂದೇ ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಆಮೇಲೊಂದು ದಿನ ಹೆಂಡತಿ ತನ್ನ ಹಳೆಯ ಫೋನಿನಲ್ಲಿ ನಮ್ಮ ಚುನಾವಣೆಯ ಭಾನುವಾರದ ಫೋಟೋ ಹುಡುಕಿ ತೋರಿಸಿದಳು. ಕಿಟಕಿಯಾಚೆ ಬರ್ಚ್ ಮರಗಳು, ಹಳದಿ ಎಲೆಗಳು, ಚೆನ್ನಾದ ಬಿಸಿಲು. ಹಿಮದ ಸುಳಿವೇ ಇಲ್ಲ. ಅಲ್ಲಿಂದ ಆ ದಿನದ ಬಗ್ಗೆ ನನಗೆ ನೆನಪಿರುವ ಪ್ರತಿಯೊಂದನ್ನೂ ತಟ್ಟಿ ನೋಡುತ್ತೇನೆ. ಕೆಲವು ಗಟ್ಟಿಯಾಗಿ ಸದ್ದು ಮಾಡುತ್ತವೆ, ಕೆಲವು ಟೊಳ್ಳು.

ವರ್ಷ ಮಾತ್ರ ಗಟ್ಟಿ. ಎರಡು ಸಾವಿರದ ಹದಿನಾಲ್ಕು. ಆ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಚುನಾವಣೆ ನಡೆದಿತ್ತು. ಇಲ್ಲಿನ ಪೌರತ್ವ ಇಲ್ಲದಿದ್ದರೂ ಮೂರು ವರ್ಷ ವಾಸವಿದ್ದವರು ಕೊಮ್ಯೂನ್‌ಗೆ, ಅಂದರೆ ಊರಿನ ಆಡಳಿತ ಸಭೆಗೆ, ಮತ ಹಾಕಬಹುದು. ನಮ್ಮಲ್ಲಿ ಹಲವರಿಗೆ ಅದು ಮೊದಲ ಸಲ. ಸೋಡರ್‌ಟೆಲ್ಯೆ ಎಂಬ ಊರಿನ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗೆಳೆಯರೊಬ್ಬರಿಗೂ ಮೊದಲ ಸಲ. ಹುಬ್ಬಳ್ಳಿಯವರು. ನಾವೆಲ್ಲ ಅವರನ್ನು ಭಾಯಿ ಎಂದು ಕರೆಯುತ್ತಿದ್ದೆವು. ಅವರು ಮತಗಟ್ಟೆಯಿಂದಲೇ ನನಗೆ ಫೋನು ಮಾಡಿದರು.

"ಇಲ್ಲಿ ಒಂದೊಂದು ಪಕ್ಷಕ್ಕ ಒಂದೊಂದು ಚೀಟಿ ಇಟ್ಟಾರ. ಮೇಯರ್ ಚೀಟಿ ಎಲ್ಲೈತ್ರಿ? ನೀವು ಓದಿದವರು, ಹೇಳ್ರಿ."

ನಾನು ಮೈಸೂರಿನಲ್ಲಿ ರಾಜಕೀಯ ಶಾಸ್ತ್ರ ಓದಿ, ಮುಂದಿನ ಓದಿಗೆಂದು ಉಪ್ಸಲಾಕ್ಕೆ ಬಂದು, ಅದನ್ನು ಅರ್ಧಕ್ಕೇ ಬಿಟ್ಟು, ಮನೆ ಮತ್ತು ಕೆಲಸಗಳನ್ನು ಬದಲಾಯಿಸುತ್ತ ಬಂದವನು. ಇಂಥ ಪ್ರಶ್ನೆ ಸಿಕ್ಕರೆ ಬಿಡುತ್ತಿರಲಿಲ್ಲ. ಇಲ್ಲಿ ಜನ ನೇರವಾಗಿ ಮೇಯರನ್ನು ಆರಿಸುವುದಿಲ್ಲ, ಪಕ್ಷಗಳನ್ನು ಆರಿಸುತ್ತಾರೆ, ಆಮೇಲೆ ಪಕ್ಷದವರು ಕೂತು ತೀರ್ಮಾನಿಸುತ್ತಾರೆ ಎಂದು ಉದ್ದಕ್ಕೆ ವಿವರಿಸಿದೆ. ಭಾಯಿ ಎಲ್ಲ ಕೇಳಿಸಿಕೊಂಡು, "ಹಂಗಾರ ನಮ್ಮ ಮೇಯರ್‌ನ ನಾವ ಆರಿಸ್ಕೊಳ್ಳೂಣು ಬಿಡ್ರಿ" ಎಂದರು. ಮುಂದಿನ ತಿಂಗಳು, ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಆಯ್ಕೆ ಇತ್ತು. ಅವರು ಹೇಳಿದ್ದು ಅದನ್ನೇ. ಅವತ್ತಿನಿಂದ ಆ ಹುದ್ದೆಗೆ ಮೇಯರ್ ಎಂಬ ಹೆಸರೇ ನಿಂತಿತು.

ಸಂಘ ಎಂದರೆ ದೊಡ್ಡದೇನಲ್ಲ. ಪೆಂಡೆಲ್‌ಟೋಗ್ ಎನ್ನುವ ಲೋಕಲ್ ರೈಲಿನ ಒಂದೇ ಮಾರ್ಗದಲ್ಲಿ ಹರಡಿಕೊಂಡಿದ್ದ ಕೆಲವು ಮನೆಗಳು. ದಕ್ಷಿಣದ ಸೋಡರ್‌ಟೆಲ್ಯೆಯಲ್ಲಿ ಕಾರ್ಖಾನೆಯವರು, ಉತ್ತರದ ಸೋಲ್ನಾದಲ್ಲಿ ಬೆಂಗಳೂರಿನಿಂದ ಬಂದ ಐಟಿಯವರು. ನಾನು ನಡುವಿನ ಒಂದು ಉಪನಗರದಲ್ಲಿದ್ದೆ. ಊರಿನ ಪಕ್ಷ, ಜಾತಿ, ಧರ್ಮ ಎಲ್ಲವನ್ನೂ ಶೂಗಳ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು ಎಂಬುದೊಂದೇ ನಮ್ಮ ನಿಯಮ. ಮೇ ತಿಂಗಳಲ್ಲಿ ಭಾರತದ ಚುನಾವಣೆಯ ಫಲಿತಾಂಶ ಬಂದ ವಾರ ಮಾತ್ರ ಆ ನಿಯಮ ಕೊಂಚ ಅಲ್ಲಾಡಿತ್ತು. ಆಮೇಲೆ ಸರಿಹೋಯಿತು. ಅಥವಾ ಸರಿಹೋಯಿತೆಂದು ನಾವು ಅಂದುಕೊಂಡೆವು.

ಸಂಘ ಮಾಡುತ್ತಿದ್ದ ನಿಜವಾದ ಕೆಲಸ ಒಂದೇ. ಭಾನುವಾರದ ಕನ್ನಡ ತರಗತಿ. ಶಾಲೆಯಲ್ಲಿ ಮಾತೃಭಾಷೆ ಕಲಿಸಿ ಎಂದು ಕೊಮ್ಯೂನ್‌ಗೆ ಕೇಳಿದ್ದಕ್ಕೆ, ಕನ್ನಡಕ್ಕೆ ಶಿಕ್ಷಕರು ಸಿಗುವುದಿಲ್ಲ ಎಂದು ಸೌಜನ್ಯದ ಉತ್ತರ ಬಂದಿತ್ತು. ಹಾಗಾಗಿ ಮಂಗಳೂರಿನ ಒಬ್ಬರು, ಎಲ್ಲರಿಗೂ ಅಕ್ಕ, ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದರು. ನಡೆಯುತ್ತಿದ್ದದ್ದು ಸೋಡರ್‌ಟೆಲ್ಯೆಯಲ್ಲಿ, ಭಾಯಿ ಇದ್ದ ಕಟ್ಟಡದ ನೆಲಮಹಡಿಯ ಕೋಣೆಯಲ್ಲಿ. ಪಕ್ಕದಲ್ಲೇ ಆ ಕಟ್ಟಡದವರು ಬಟ್ಟೆ ಒಗೆಯುವ ಕೋಣೆ. ಪಾಠದ ನಡುವೆ ಯಂತ್ರ ಗಿರಗಿರ ತಿರುಗುವ ಸದ್ದು, ಸಾಬೂನಿನ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕಿವಿಗೆ "ಕ ಕಾ ಕಿ ಕೀ" ಕೇಳಿಸುತ್ತದೆ. ಇದನ್ನು ಯಾವ ಫೋಟೋ ಕೂಡ ಸುಳ್ಳು ಮಾಡಲಾರದು ಎಂದುಕೊಂಡಿದ್ದೇನೆ.

ಮೇಯರ್ ಹುದ್ದೆಗೆ ಮೂವರು ನಿಂತರು. ಭಾಯಿ, ಅಕ್ಕ, ಮತ್ತು ಸೋಲ್ನಾದ ಒಬ್ಬ ಸಾಫ್ಟ್‌ವೇರ್ ಮ್ಯಾನೇಜರ್. ಇವರನ್ನು ಎಲ್ಲರೂ ಸೋಲ್ನಾ ಸರ್ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ತಾನು ಗೆದ್ದರೆ ತರಗತಿಯನ್ನು ಸೋಲ್ನಾದ ತಮ್ಮ ಆಫೀಸಿನ ಮೀಟಿಂಗ್ ರೂಮಿಗೆ ಒಯ್ಯುವುದಾಗಿ ಅವರು ಮೊದಲೇ ಹೇಳಿದ್ದರು. ಅಕ್ಕ ಮಾತ್ರ ಎಲ್ಲಿಗೆ ಕರೆದರೂ ಬಂದು ಪಾಠ ಮಾಡುತ್ತೇನೆ ಎನ್ನುತ್ತಿದ್ದರು. ಯಾವ ಕಡೆಗೂ ಸೇರದವನು ಎಂದು ನನ್ನನ್ನು ಚುನಾವಣಾಧಿಕಾರಿ ಮಾಡಿದರು. ಅದೊಂದು ಹೊಗಳಿಕೆ ಎಂದೇ ನಾನು ಆಗ ತಿಳಿದಿದ್ದೆ.

ಆ ಭಾನುವಾರ ಎಲ್ಲರೂ ಅದೇ ಕೋಣೆಗೆ ಬಂದರು. ಬಾಗಿಲಲ್ಲಿ ಶೂಗಳ ರಾಶಿ, ಮೇಜಿನ ಮೇಲೆ ಚಿತ್ರಾನ್ನ, ದಾಲ್ಚಿನ್ನಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಮತಪೆಟ್ಟಿಗೆ ನಮ್ಮ ಮನೆಯ ಐಸ್‌ಕ್ರೀಮ್ ಡಬ್ಬಿ. ಮುಚ್ಚಳಕ್ಕೆ ಸೀಳು ಕೊಯ್ದಿದ್ದೆ. ಅದರಲ್ಲಿ ಹೆಂಡತಿ ಹುಳಿಪುಡಿ ಹಾಕಿಡುತ್ತಿದ್ದಳು. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ.

ಮೊದಲು ಸೋಲ್ನಾ ಸರ್ ಮಾತಾಡಿದರು. "ನಾನು ಕ್ಲಾಸ್ ನಿಲ್ಲಿಸ್ತೀನಿ ಅಂತಿಲ್ಲ. ಜಾಸ್ತಿ ಮಕ್ಕಳಿರೋದು ಆ ಕಡೆ. ವೈಟ್‌ಬೋರ್ಡ್ ಇದೆ, ಪ್ರೊಜೆಕ್ಟರ್ ಇದೆ, ಮೆಟ್ರೋ ಪಕ್ಕದಲ್ಲೇ ಇದೆ. ಇಲ್ಲಿ ನೋಡಿ, ವಾಷಿಂಗ್ ಮಷೀನ್ ಸ್ಪಿನ್ ಆಗೋವಾಗ ಅಕ್ಕ ಏನ್ ಹೇಳ್ತಾರೋ ಕೇಳ್ಸಲ್ಲ." ಎಲ್ಲರೂ ನಕ್ಕರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಭಾಯಿ ಎದ್ದರು. ನನ್ನೊಬ್ಬನ ಜೊತೆ ಇದ್ದಾಗ ಅಪ್ಪಟ ಹುಬ್ಬಳ್ಳಿ ಮಾತಾಡುತ್ತಿದ್ದವರು ಸಭೆಯಲ್ಲಿ ಬೆಂಗಳೂರಿನವರ ಹಾಗೆ ಮಾತಾಡಲು ನೋಡುತ್ತಿದ್ದರು.

"ಸೋಲ್ನಾದ ಮಕ್ಕಳು ಮನೇಲಿ ಕನ್ನಡ ಕೇಳ್ತಾರೆ. ನಮ್ಮನೇಲಿ ಉರ್ದು. ಹೊರಗಡೆ ಸ್ವೀಡಿಷ್. ನಾನು ಕನ್ನಡ ಶಾಲೇಲಿ ಕಲ್ತೋನು, ಇವತ್ತಿಗೂ ಲೆಕ್ಕ ಮಾಡೋದು ಕನ್ನಡದಲ್ಲೇ. ನನ್ನ ಮಗಳಿಗೆ ಕನ್ನಡ ಸಿಗೋದು ಈ ರೂಮಲ್ಲಿ ಮಾತ್ರ. ಭಾನುವಾರ ನಮ್ಮನೆಯವರಿಗೆ ವೃದ್ಧಾಶ್ರಮದಲ್ಲಿ ಡ್ಯೂಟಿ. ಸಣ್ಣವನನ್ನ ತಳ್ಳುಗಾಡಿಲಿ ಹಾಕ್ಕೊಂಡು, ಇವಳನ್ನ ಎಳ್ಕೊಂಡು, ರೈಲಿಂದ ಮೆಟ್ರೋಗೆ ಬದಲಿಸಿ ಸೋಲ್ನಾಗೆ ಒಂದು ವಾರ ಬಂದೇನು, ಎರಡು ವಾರ ಬಂದೇನು. ಆಮೇಲೆ ಅವಳು ಬರಲ್ಲ ಅಂತಾಳೆ. ಕ್ಲಾಸ್ ಇಲ್ಲಿಂದ ಹೋದ್ರೆ ನನ್ನ ಮಗಳಿಗೆ ಕನ್ನಡ ಹೋಯ್ತು. ಅಷ್ಟೇ."

ಕೂತರು. ಮಗಳು ಹಿಂದಿನ ಬೆಂಚಿನಲ್ಲಿ ಬನ್ನಿನ ಸುರುಳಿ ಬಿಡಿಸಿ ತಿನ್ನುತ್ತಿದ್ದಳು. ಅಪ್ಪ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾದಂತಿರಲಿಲ್ಲ. ಅಕ್ಕ ಒಂದೇ ಮಾತು ಹೇಳಿದರು. "ನಾನು ಗೆದ್ದರೆ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಇಬ್ಬರಿಗೂ ಸಮ ತೊಂದರೆ."

ಕನ್ನಡ ಸಂಘವಾದ್ದರಿಂದ ಕನ್ನಡದಲ್ಲೇ ಹೆಸರು ಬರೆದು ಡಬ್ಬಿಗೆ ಹಾಕಬೇಕೆಂದು ನಿಯಮ ಮಾಡಿದ್ದೆ. ನಾನು ಯೋಚಿಸದೇ ಇದ್ದದ್ದು ಒಂದೇ. ನಮ್ಮಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಚೀಟಿ ಬಿಚ್ಚಿದರೆ ಭಾಯಿ, ಅಕ್ಕ, ಸೋಲ್ನಾ, ಸೋಲ್ನಾ ಸರ್, ಒಂದರಲ್ಲಿ "ಪ್ರೊಜೆಕ್ಟರ್". ಹುಟ್ಟಿದ ಹೆಸರು ಬರೆದವರು ಒಬ್ಬರೂ ಇಲ್ಲ. ಯಾರು ಯಾರೆಂದು ಗೊತ್ತಾಗುತ್ತಿತ್ತಲ್ಲ, ನಗುತ್ತಲೇ ಎಣಿಸಿದೆವು. ಸೋಲ್ನಾ ಸರ್ ಮುಂದೆ, ಹಿಂದೆಯೇ ಭಾಯಿ, ಕೊನೆಗೆ ಅಕ್ಕ. ಆದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಂದಿರಲಿಲ್ಲ.

"ಮುಗೀತಲ್ಲ, ಜಾಸ್ತಿ ಬಂದೋರು ಗೆದ್ರು. ಊರಲ್ಲಿ ಹಂಗೇ ಅಲ್ವಾ?" ಎಂದ ಸೋಲ್ನಾ ಸರ್ ಆಫೀಸಿನ ಒಬ್ಬ ತರುಣ.

ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ಸುತ್ತು ಎಂದು ಮೊದಲೇ ಒಪ್ಪಿದ್ದನ್ನು ನೆನಪಿಸಿದೆ. ಮೇಯರ್ ಎಂದಮೇಲೆ ಊರಿನ ಅರ್ಧ ಜನಕ್ಕಾದರೂ ಬೇಕಾದವರಾಗಿರಬೇಕು ಎಂದೇನೋ ಭಾಷಣ ಮಾಡಿರಬೇಕು. "ಮೇಷ್ಟ್ರೇ, ಕಾಫಿ ಆರೋಗತ್ತೆ" ಎಂದು ಯಾರೋ ಕೂಗಿದ್ದು ನೆನಪಿದೆ. ಇನ್ನೊಬ್ಬರು ಅಕ್ಕನ ಕಡೆ ತಿರುಗಿ, "ಅಕ್ಕಾ, ನಿಮ್ಮ ವೋಟೆಲ್ಲ ಯಾರಿಗೆ ಕೊಡ್ತೀರಿ, ಹೇಳ್ಬಿಡಿ, ಬೇಗ ಮುಗಿಯುತ್ತೆ" ಎಂದರು.

"ವೋಟು ನನ್ನ ಬ್ಯಾಗಲ್ಲಿ ಉಂಟಾ ಮಾರಾಯ್ರೆ? ಹಾಕಿದವರನ್ನೇ ಕೇಳಿ" ಎಂದು ಅಕ್ಕ ಬನ್ನು ಮುರಿದರು.

ಎರಡನೇ ಸುತ್ತಿನಲ್ಲಿ ಯಾರೂ ನಗಲಿಲ್ಲ. ಕೈಯಡ್ಡ ಇಟ್ಟು ಬರೆದರು, ಚೀಟಿಯನ್ನು ಚಿಕ್ಕದಾಗಿ ಮಡಿಸಿದರು. ನಾನು ಒಂದೊಂದೇ ಬಿಚ್ಚಿ ಜೋರಾಗಿ ಓದಿದೆ. ಭಾಯಿ. ಸೋಲ್ನಾ. ಸೋಲ್ನಾ ಸರ್. ಭಾಯಿ. ಎರಡು ಗುಡ್ಡೆಗಳು ಸಮ ಸಮವಾಗಿ ಬೆಳೆದವು. ಅಕ್ಕನಿಗೆ ಹಾಕಿದ್ದವರು ಹೆಚ್ಚಾಗಿ ಭಾಯಿಯ ಕಡೆಗೇ ಬಂದಿದ್ದರು. ಡಬ್ಬಿಯಲ್ಲಿ ಕೊನೆಯ ಚೀಟಿ ಉಳಿದಾಗ ಎರಡೂ ಗುಡ್ಡೆ ಸಮ. ಬಿಚ್ಚಿದೆ.

"ಅಣ್ಣ" ಎಂದು ಬರೆದಿತ್ತು.

ನಾನು ಓದಿದೆ. ಆಮೇಲೆ ಆ ತರುಣ ಎದ್ದ.

"ಅಣ್ಣ ಅಂದ್ರೆ ನಮ್ ಸರ್ರೇ. ಆಫೀಸಲ್ಲಿ ನಾವು ಎಷ್ಟೋ ಜನ ಅಣ್ಣ ಅಂತೀವಿ. ಭಾಯಿನ ಯಾರ್ ಅಣ್ಣ ಅಂತಾರೆ?"

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಆಗ ಹೊಳೆದದ್ದು ಇದು: ಅವನು ಹೇಳಿದ್ದು ನಿಜ. ನನ್ನನ್ನು, ನನಗಿಂತ ಚಿಕ್ಕವರನ್ನೂ ಕೂಡ, ಅಲ್ಲಿ ಯಾರಾದರೊಬ್ಬರು ಅಣ್ಣ ಎಂದದ್ದುಂಟು. ಭಾಯಿಯನ್ನು ಮಾತ್ರ ಯಾರೂ ಹಾಗೆ ಅಂದದ್ದು ನಾನು ಕೇಳಿರಲಿಲ್ಲ. ಭಾಯಿ ತಮ್ಮ ಕಾಲ್ಚೀಲ ನೋಡುತ್ತ ಕೂತಿದ್ದರು.

"ಭಾಯಿ ಅಂದ್ರೂ ಅಣ್ಣ ಅಂತಾನೇ ಅಲ್ವೇನೋ?" ಎಂದು ಕಾರ್ಖಾನೆಯ ಒಬ್ಬರು.

"ಟ್ರಾನ್ಸ್‌ಲೇಶನ್ ಮಾಡಿ ಯಾರಾದ್ರೂ ವೋಟ್ ಹಾಕ್ತಾರಾ ಸರ್?" ಎಂದ ತರುಣ.

ಚೀಟಿ ರದ್ದು ಮಾಡಿ ಎಂದು ಒಬ್ಬರು, ಮೂರನೇ ಸುತ್ತು ಮಾಡಿ ಎಂದು ಒಬ್ಬರು, ಕೋಣೆ ಖಾಲಿ ಮಾಡುವ ಹೊತ್ತಾಯಿತು ಎಂದು ಇನ್ನೊಬ್ಬರು. ಸೋಲ್ನಾ ಸರ್ ಏನೂ ಹೇಳಲಿಲ್ಲ. ಅವರ ಮುಖ ಕೆಂಪಾಗಿತ್ತು. ಗೆಲುವು ಕೈಗೆ ಬಂದ ಸಂಭ್ರಮ ಎಂದು ನಾನು ಭಾವಿಸಿದೆ.

ಮುಂದಿನದು ನನ್ನ ನೆನಪಿನಲ್ಲಿ ಇರುವುದು ಹೀಗೆ. ಸೋಲ್ನಾ ಸರ್ ಅವರ ಹೆಂಡತಿ ಅಷ್ಟು ಹೊತ್ತೂ ಮೂಲೆಯ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಬಂದರು. "ಎಲ್ಲಿ ಕೊಡಿ ನೋಡೋಣ" ಎಂದು ಚೀಟಿ ಇಸಕೊಂಡರು. ನೋಡಿ ನಕ್ಕುಬಿಟ್ಟರು.

"ಇದು ನಮ್ಮನೆಯವರ ಅಕ್ಷರ ಕಣ್ರೀ. ಒತ್ತಕ್ಷರಕ್ಕೆ ಇಷ್ಟುದ್ದ ಬಾಲ ಎಳೆಯೋರು ಇನ್ಯಾರಿದಾರೆ?"

"ಲೇ, ಸುಮ್ನಿರು. ವೋಟು ಸೀಕ್ರೆಟ್ಟು" ಎಂದರು ಸೋಲ್ನಾ ಸರ್.

"ನಂಗೇನ್ರೀ ಸೀಕ್ರೆಟ್ಟು? ನೀವು ನಿಮ್ಮನ್ನೇ ಅಣ್ಣ ಅಂತ ಕರ್ಕೋತೀರಾ?"

ಮೊದಲು ನಕ್ಕವರು ಅಕ್ಕ. ಆಮೇಲೆ ಇಡೀ ಕೋಣೆ ನಕ್ಕಿತು. ಸೋಲ್ನಾ ಸರ್ ಹಣೆ ಉಜ್ಜಿಕೊಂಡರು. "ಏನ್ ಮಾಡ್ಲಿ, ಪೆನ್ ಹಿಡಿದ್ರೆ ನನ್ನ ಹೆಸರು ನಾನೇ ಬರ್ಕೊಳ್ಳೋಕೆ ಒಂಥರಾ ಆಯ್ತು. ಇವರು ಬೇರೆ ವಯಸ್ಸಲ್ಲಿ ದೊಡ್ಡೋರು. ಎದುರಿಗೇ ಕೂತಿದಾರೆ. ಭಾಯಿ ಅಂತ ಬರೆಯೋಕೆ ಹೋದೆ, ಕೈ ಅಣ್ಣ ಅಂತ ಬರೀತು."

"ಊರೆಲ್ಲ ಪ್ರಚಾರ ಮಾಡಿ ಕೊನೆಗೆ ಎದುರಾಳಿಗೇ ಹಾಕಿದ್ರಾ? ನಿಮ್ಮನ್ನ ನಂಬಿ ನಾನು ಪ್ರೊಜೆಕ್ಟರ್ ಅಂತ ಬೇರೆ ಬರೆದೆನಲ್ಲ ಸರ್!" ಎಂದು ಆ ತರುಣ ತಲೆ ಮೇಲೆ ಕೈಯಿಟ್ಟುಕೊಂಡ.

"ಬಿಡಪ್ಪ, ಒಳ್ಳೇದೇ ಆಯ್ತು" ಎಂದರು ಆಕೆ. "ಎರಡು ವರ್ಷ ಭಾನುವಾರ ಮನೇಲಿ ಗಂಡ ಇರ್ತಾರೆ."

ಭಾಯಿ ಮೇಯರ್ ಎಂದು ಘೋಷಿಸಿದೆ. ಚಪ್ಪಾಳೆ ಬಿತ್ತು. ತರಗತಿ ಸೋಡರ್‌ಟೆಲ್ಯೆಯಲ್ಲೇ ಉಳಿಯಿತು.

ಮೊನ್ನೆ ಸೋಲ್ನಾ ಸರ್‌ಗೆ ಫೋನು ಮಾಡಿದ್ದೆ. ಈಗ ಅವರು ಹೆಲ್ಸಿಂಗ್‌ಬೋರ್ಯ್‌ನಲ್ಲಿದ್ದಾರೆ, ಕಿಟಕಿಯಲ್ಲಿ ಬಂದರು ಕಾಣುತ್ತದಂತೆ. ಆ ದಿನದ ಮಾತು ಬಂತು. ಅವರು ಹೇಳಿದ್ದು ಬೇರೆ. "ಇಲ್ಲ ಕಣ್ರೀ, ನಾನೇ ಎದ್ದು ನಿಂತು ಹೇಳಿದ್ದು, ಅದು ನನ್ನ ಚೀಟಿ ಅಂತ. ಇವಳು ಆಮೇಲೆ ತಮಾಷೆ ಮಾಡಿದ್ಲು." ಹಿಂದಿನಿಂದ ಅವರ ಹೆಂಡತಿಯ ದನಿ: "ಹ್ಞೂಂ, ಎದ್ರಿ ಎದ್ರಿ, ನಾನು ಎಬ್ಬಿಸಿದ್ಮೇಲೆ." ನನ್ನ ಹೆಂಡತಿಯನ್ನು ಕೇಳಿದರೆ ಅವಳು ಆ ಹೊತ್ತಿಗೆ ಮಗುವಿನ ಡೈಪರ್ ಬದಲಿಸಲು ಹೋಗಿದ್ದಳಂತೆ. ಅಕ್ಕನಿಗೆ ನೆನಪಿರುವುದು ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾಗಿದ್ದದ್ದು ಮಾತ್ರ. ಸೋಲ್ನಾ ಸರ್ ಅವರ ಹೆಂಡತಿ ಬಂದು ಚೀಟಿ ಇಸಕೊಳ್ಳುವ ದೃಶ್ಯ ನನ್ನ ಕಣ್ಣಿಗೆ ಎಷ್ಟು ಸ್ಪಷ್ಟವೋ, ಬೀಳದ ಹಿಮವೂ ಒಂದು ಕಾಲಕ್ಕೆ ಅಷ್ಟೇ ಸ್ಪಷ್ಟವಾಗಿತ್ತು. ಸರ್ ಗೆಲುವಿನ ಆಸೆಗೆ ಒಂದು ನಿಮಿಷ ಸುಮ್ಮನಿದ್ದರೋ, ನಾಚಿಕೆಗೆ ಸುಮ್ಮನಿದ್ದರೋ, ಸುಮ್ಮನಿರಲೇ ಇಲ್ಲವೋ, ನಾನು ಪ್ರಮಾಣ ಮಾಡಿ ಹೇಳಲಾರೆ.

ಸಂಜೆಯದು ಮಾತ್ರ ನನ್ನೊಬ್ಬನ ನೆನಪು. ಪರೀಕ್ಷಿಸಲು ಬೇರೆ ಸಾಕ್ಷಿಯೂ ಇಲ್ಲ. ನೆಲ ಒರೆಸಿ, ಕೋಣೆಗೆ ಬೀಗ ಹಾಕಿ, ಭಾಯಿ ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದರು. ತಳ್ಳುಗಾಡಿಯಲ್ಲಿ ಸಣ್ಣವನು ನಿದ್ದೆ ಹೋಗಿದ್ದ. ಮಗಳು ಮುಂದೆ ಎಲೆಗಳನ್ನು ಒದೆಯುತ್ತ ನಡೆದಿದ್ದಳು.

"ನಾ ಒಂದು ಮಾತು ಕೇಳ್ತೀನ್ರಿ" ಎಂದರು. ಈಗ ಅವರ ಮಾತು ಹುಬ್ಬಳ್ಳಿಗೆ ಮರಳಿತ್ತು. "ಅವರು ಸಂಕೋಚ ಆಗಿ ನನಗ ಹಾಕಿದ್ರು. ನಾ ನನಗ ಹಾಕ್ಕೊಂಡೆ. ತಪ್ಪೇನ್ರಿ?"

"ಅದರಲ್ಲೇನು ತಪ್ಪು? ಎಲ್ಲ ಕಡೆ ಹಾಗೇ ಮಾಡ್ತಾರೆ."

"ಬರಿಯೂ ಮುಂದ ನನಗೂ ನಾಚಿಕಿ ಬಂತ್ರಿ. ಆದರ ಕ್ಲಾಸು ಹೋಗತಿತ್ತಲ್ಲ." ತಳ್ಳುಗಾಡಿಯ ಹೊದಿಕೆ ಸರಿಮಾಡಿದರು. "ಭಾಯಿ ಅಂತ ಬರದೆ. ಖರೇ ಹೆಸರು ಬರದಿದ್ರ ಇದು ಯಾರಪ್ಪಾ ಅಂತ ನೀವು ಕೇಳತಿದ್ರೇನೋ."

ನಕ್ಕೇ ಹೇಳಿದರು. ನಾನೂ ನಕ್ಕೆ. ಅವರ ಹೆಸರು ನನಗೆ ಗೊತ್ತಿತ್ತು, ಬಾಗಿಲ ಮೇಲಿನ ಫಲಕದಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಅದನ್ನು ಆ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಹೇಳಿದ್ದೆ ಎಂದುಕೊಳ್ಳಲು ಮನಸ್ಸಾಗುತ್ತದೆ. ಅದಕ್ಕೇ ಅನುಮಾನ.

ಮುಂದಿನ ಭಾನುವಾರ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ನನ್ನ ಮಗು ಇನ್ನೂ ಅಕ್ಷರದ ವಯಸ್ಸಿಗೆ ಬಂದಿರಲಿಲ್ಲ. ಆದರೂ ರೈಲು ಹತ್ತಿ ಹೋದೆ. ಹಳಿ ದುರಸ್ತಿಯೆಂದು ಅರ್ಧ ದಾರಿಗೆ ಬದಲಿ ಬಸ್ಸು ಹಾಕಿದ್ದರು. ಅದೇ ಬಸ್ಸಿನಲ್ಲಿ ಸೋಲ್ನಾ ಸರ್ ತಮ್ಮಿಬ್ಬರು ಮಕ್ಕಳ ಜೊತೆ ಕೂತಿದ್ದರು. "ನೋಡಿ, ಇದಕ್ಕೇ ನಾನು ಹೇಳಿದ್ದು" ಎಂದು ದಾರಿಯುದ್ದಕ್ಕೂ ಗೊಣಗಿದರು. ಆದರೆ ಇಳಿದ ಮೇಲೆ ನಮ್ಮೆಲ್ಲರಿಗಿಂತ ಮುಂದೆ ನಡೆದರು.

ಮೇಯರ್ ಬಾಗಿಲು ತೆರೆದು, ಮೇಜು ಜೋಡಿಸಿ, ಒಗೆಯುವ ಕೋಣೆಗೆ ಹೋಗಿ ಯಾರೋ ನೆರೆಯವರ ಜೊತೆ ಯಂತ್ರದ ಹೊತ್ತಿನ ಬಗ್ಗೆ ಸ್ವೀಡಿಷ್‌ನಲ್ಲಿ ಚೌಕಾಸಿ ನಡೆಸಿದ್ದರು. ಅಕ್ಕ ಪಾಠ ಶುರುಮಾಡಿದರು. ಭಾಯಿಯ ಮಗಳು ಬೆರಳಿಟ್ಟು, ತಡೆದು ತಡೆದು, ಒಂದು ಸಾಲು ಓದಿದಳು. ಯಂತ್ರದ ಸದ್ದಿನಲ್ಲಿ ಯಾವ ಸಾಲೆಂದು ಕೇಳಿಸಲಿಲ್ಲ. ಅವರಪ್ಪ ಮಾತ್ರ ಬಾಗಿಲಲ್ಲಿ ನಿಂತು ಅವಳ ತುಟಿಗಳ ಜೊತೆ ತಾವೂ ತುಟಿ ಆಡಿಸುತ್ತಿದ್ದರು. ಓದಿ ಮುಗಿಸಿ ಅವಳು ಪುಸ್ತಕ ಮುಚ್ಚಿ, ಬರುವ ಭಾನುವಾರವೂ ಬರಬೇಕಾ ಎಂದು ಬೇಸರದಿಂದ ಸ್ವೀಡಿಷ್‌ನಲ್ಲಿ ಕೇಳಿದಳು.

"ಹೌದವಾ, ಬರೂ ರವಿವಾರಾನೂ" ಎಂದರು ಭಾಯಿ.